ಮಣಿ ಕೂರಿಸಿದ ಬೆಳ್ಳಿಗೆ ತಕ್ಕಡಿ ಲೆಕ್ಕ ಬೇಡ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ಮಾತು.

ಬೆಳ್ಳಿ ಅಂಗಡಿಗೆ ಹೋದರೆ ನಾವು ಮೊದಲು ಕೇಳುವುದೇನು? ಎಷ್ಟು ಗ್ರಾಂ, ಮಜೂರಿ ಎಷ್ಟು, ಅಲ್ವಾ? ಕಾಲುಂಗುರಕ್ಕೆ, ದೀಪಕ್ಕೆ, ಕುಂಕುಮದ ಭರಣಿಗೆ ಈ ಲೆಕ್ಕ ಸರಿ. ಆದರೆ ಪುಟ್ಟ ಗಾಜಿನ ಮಣಿಗಳನ್ನು ಒತ್ತೊತ್ತಾಗಿ ಕೂರಿಸಿ ಚಿತ್ರ ಬಿಡಿಸಿದ ಪದಕಕ್ಕೂ ಇದೇ ಲೆಕ್ಕವಾ? ಕೆಲವರಂತೂ "ಮಣಿ ತೂಕ ಕಳೆದಿದ್ದೀರಾ?" ಅಂತ ಬೇರೆ ಕೇಳುತ್ತಾರೆ!

ಕೆಲಸ ನೋಡಿ. 925 ಬೆಳ್ಳಿಯ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಇರುವ ಲೋಹದ ತಗಡು. ಅದರ ಸುತ್ತ ತೆಳು ಪಟ್ಟಿಯ ಗೋಡೆ. ಬೆಸುಗೆ, ಅರ, ಪಾಲಿಶ್ ಎಲ್ಲ ಮೊದಲೇ ಮುಗಿಯಬೇಕು, ಯಾಕೆಂದರೆ ಬೆಸುಗೆಯ ಬೆಂಕಿಗೆ ಗಾಜು ಸೀಳುತ್ತದೆ. ಆಮೇಲೆ ಒಳಗೆ ಎಪಾಕ್ಸಿ ಅಂಟು ತುಂಬಿ, ಸೂಜಿಮೊನೆಯಿಂದ ಒಂದೊಂದೇ ಮಣಿ ಎತ್ತಿ ಇಡಬೇಕು. 15ನೇ ನಂಬರಿನ ಮಣಿ ಸುಮಾರು ಒಂದೂವರೆ ಮಿಲಿಮೀಟರ್. ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ನಲವತ್ತರ ಹತ್ತಿರ ಬೇಕು. ಜಾಸ್ತಿ ಒತ್ತಿದರೆ ಅಂಟು ಮಣಿಯ ತೂತಿನಿಂದ ಮೇಲಕ್ಕೆ ಉಕ್ಕುತ್ತದೆ. ಕಡಿಮೆ ಒತ್ತಿದರೆ ಮಣಿ ಉದುರುತ್ತದೆ. ಒಂದೇ ಪೊಟ್ಟಣದ ಮಣಿಗಳೂ ಒಂದೇ ದಪ್ಪ ಇರುವುದಿಲ್ಲ, ಆರಿಸಿಕೊಳ್ಳಬೇಕು. ಇಷ್ಟೆಲ್ಲ ಅಂಟು ಗಟ್ಟಿಯಾಗುವುದರೊಳಗೆ!

ರೋಮಿನಲ್ಲಿ 18ನೇ ಶತಮಾನದ ಕೊನೆಯ ಹೊತ್ತಿಗೆ ಇದರ ಅಣ್ಣನಂಥ ಕೆಲಸ ಬೆಳೆಯಿತು. ಜಾಕೊಮೊ ರಫಾಯೆಲ್ಲಿಯಂಥ ಮೊಸಾಯಿಕ್ (ಚೂರು ಜೋಡಿಸಿ ಚಿತ್ರ ಮಾಡುವ) ಕಲಾವಿದರು ಗಾಜನ್ನು ಬೆಂಕಿಯಲ್ಲಿ ಕರಗಿಸಿ, ಸಣ್ಣ ಎಳೆಗಳಾಗಿ ಎಳೆದು, ಚೂರು ಮಾಡಿ, ಪದಕ, ಡಬ್ಬಿಗಳ ಮೇಲೆ ಜೋಡಿಸಿದರು. ಆ ಗಾಜಿಗೇನು ಬೆಲೆ? ಆದರೂ ಇಟಲಿ ನೋಡಲು ಬಂದ ಯೂರೋಪಿನ ಸಿರಿವಂತರು ಆಸೆಪಟ್ಟು ಕೊಂಡರು. ಕೊಟ್ಟ ದುಡ್ಡು ಹೆಚ್ಚುಕಡಿಮೆ ಕೆಲಸಕ್ಕೇ.

ಹಾಗಂತ ಸುಮ್ನೆ ಕೇಳಿದಷ್ಟು ಕೊಡಿ ಅನ್ನುತ್ತಿಲ್ಲ. ಮುದ್ರಿಸಿದ ಚಿತ್ರದ ಮೇಲೆ ರೆಸಿನ್ (ಗಾಜಿನಂತೆ ಗಟ್ಟಿಯಾಗುವ ಅಂಟು ದ್ರವ) ಸುರಿದು ಮಣಿ ಕೆಲಸ ಅಂತ ಮಾರಬಹುದು. ಉಗುರು ಆಡಿಸಿ ನೋಡಿ, ಮಣಿ ಸಾಲು ತಡೆಯುತ್ತದೆ. ಮಣಿಯ ಮೇಲೂ ರೆಸಿನ್ ಇದ್ದರೆ ಉಗುರಿಗೆ ಗೊತ್ತಾಗುವುದಿಲ್ಲ, ಆಗ ಭೂತಗನ್ನಡಿ ಹಿಡಿಯಿರಿ. ಕೈಯಲ್ಲಿ ಕೂರಿಸಿದ ಸಾಲು ಅಲ್ಲಲ್ಲಿ ಚೂರು ಸೊಟ್ಟ ಇದ್ದೇ ಇರುತ್ತದೆ.

ಮಾರುವವರದೂ ತಪ್ಪಿದೆ. ಕೆಲಸದ ಬೆಲೆಯನ್ನು "ವೇಸ್ಟೇಜ್" ಅಂತ ಸೇರಿಸಿದರೆ ಗಿರಾಕಿಗೆ ಅನುಮಾನ ಬಾರದೆ ಇರುತ್ತಾ? ಬಿಲ್ಲಿನಲ್ಲಿ ಬೆಳ್ಳಿಗೆ ಇಷ್ಟು, ಕೆಲಸಕ್ಕೆ ಇಷ್ಟು ಅಂತ ಬೇರೆ ಬೇರೆ ಬರೆಯಿರಿ. ಆಮೇಲೂ ಚೌಕಾಸಿ ಮಾಡುವವರು ಮಾಡಲಿ. ಯಾವುದರ ಮೇಲೆ ಮಾಡುತ್ತಿದ್ದೇವೆ ಅಂತಾದರೂ ಅವರಿಗೆ ಗೊತ್ತಿರುತ್ತದೆ.