ಸೊಂಬೋರಿನ ನಿಧಾನಗಾರ

ಕೇಳುಗರಿಗೆ ನಮಸ್ಕಾರ.

2014ರ ಜೂನ್ ತಿಂಗಳು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತಿತ್ತು. ಡೆನ್ವರ್ ನಗೆಟ್ಸ್ 41ನೆಯ ಸರದಿಯಲ್ಲಿ ನಿಕೋಲಾ ಯೋಕಿಚ್ ಅವರನ್ನು ಆರಿಸಿದಾಗ ಅಮೆರಿಕದ ಟೀವಿಯಲ್ಲಿ ಜಾಹೀರಾತು ಓಡುತ್ತಿತ್ತು. ಹೆಸರು ಪರದೆಯ ತಳದಲ್ಲಷ್ಟೇ ಮೂಡಿ ಹೋಯಿತು. ಆ ಹೊತ್ತಿಗೆ 19ರ ಹುಡುಗ ಸರ್ಬಿಯಾದಲ್ಲಿ ಮಲಗಿ ನಿದ್ದೆಹೋಗಿದ್ದರು. ಮುಂದೆ 2021, 2022, 2024ರಲ್ಲಿ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರದಾಯಿತು. ಅಷ್ಟು ಹಿಂದಿನ ಸರದಿಯಿಂದ ಬಂದ ಇನ್ಯಾರಿಗೂ ಅದು ದಕ್ಕಿಲ್ಲ.

ಎತ್ತರ 2.11 ಮೀಟರ್. ಆದರೆ ನೆಗೆತ ಕಡಿಮೆ, ಓಟ ನಿಧಾನ. ಹಾಗಿದ್ದೂ ಗೆಲ್ಲುವುದು ಹೇಗೆ?

ಸಾಮಾನ್ಯವಾಗಿ ಸೆಂಟರ್ ಆಟಗಾರ ಬುಟ್ಟಿಯ ಕೆಳಗೆ ಚೆಂಡಿಗಾಗಿ ಕಾಯುತ್ತಾನೆ. ಯೋಕಿಚ್ ಬುಟ್ಟಿಯಿಂದ ತುಸು ದೂರದ ಫ್ರೀ ಥ್ರೋ ಗೆರೆಯ ಮೂಲೆಯಲ್ಲಿ, ಚೆಂಡನ್ನು ತಲೆಯ ಮೇಲೆತ್ತಿ ನಿಲ್ಲುತ್ತಾರೆ. ತಂಡದ ಜೊತೆಗಾರ ಜಮಾಲ್ ಮರ್ರೆ ಯೋಕಿಚ್ ಭುಜಕ್ಕೆ ಉಜ್ಜಿಕೊಂಡೇ ಓಡುತ್ತಾರೆ. ಮರ್ರೆಯ ಕಾವಲಿನವನು ಹಿಂದೆ ಬಿದ್ದರೆ ಚೆಂಡು ಮರ್ರೆಯ ಕೈಗೆ. ಇಬ್ಬರ ಕಾವಲಿನವರೂ ಮರ್ರೆಯ ಬೆನ್ನುಹತ್ತಿದರೆ ಯೋಕಿಚ್ ತಾವೇ ಬುಟ್ಟಿಯತ್ತ ತಿರುಗುತ್ತಾರೆ. ತಡೆಯಲು ಮೂರನೆಯವನು ಬಂದನೋ, ಅವನು ಬಿಟ್ಟುಬಂದ ಆಟಗಾರನಿಗೆ ಪಾಸ್ ಹೋಗಿಯೇ ಬಿಟ್ಟಿರುತ್ತದೆ. ಚೆಂಡನ್ನು ಎದೆಗಿಳಿಸದೆ ಮಣಿಕಟ್ಟಿನಿಂದಲೇ ಎಸೆಯುವುದರಿಂದ ಎದುರಾಳಿಗೆ ಸುಳಿವು ಸಿಗುವುದಿಲ್ಲ.

ಯೋಕಿಚ್ ಅವರ ಇನ್ನೊಂದು ಆಯುಧಕ್ಕೆ ಸರ್ಬಿಯಾದ ಅವರ ಹುಟ್ಟೂರು ಸೊಂಬೋರಿನದೇ ಹೆಸರು, ಸೊಂಬೋರ್ ಶಫಲ್. ಬಲಗೈ ಆಟಗಾರ ಒಂಟಿಗಾಲಲ್ಲಿ ಚಿಮ್ಮುವಾಗ ಎಡಗಾಲನ್ನು ಊರುವುದು ವಾಡಿಕೆ. ಇವರು ಬಲಗಾಲಲ್ಲಿ ಚಿಮ್ಮಿ, ಹಿಂದಕ್ಕೆ ವಾಲುತ್ತಾ ಚೆಂಡು ಬಿಡುತ್ತಾರೆ. ತಡೆಯುವವನ ಲೆಕ್ಕ ಅಲ್ಲೇ ತಪ್ಪುತ್ತದೆ.

ಇದಕ್ಕೂ ಮದ್ದಿಲ್ಲವೆಂದಲ್ಲ. ಋತುವಿನ ಕೊನೆಗೆ ಚಾಂಪಿಯನ್ ಪಟ್ಟಕ್ಕಾಗಿ ನಡೆಯುವ ಪ್ಲೇಆಫ್ ಪಂದ್ಯಗಳಲ್ಲಿ, 2023ರಲ್ಲಿ, ಲೇಕರ್ಸ್ ತಂಡ ಇವರ ಕಾವಲಿಗೆ ಹಾಚಿಮುರಾ ಅವರನ್ನು ಹಚ್ಚಿ, ಎತ್ತರದ ಆಂಥನಿ ಡೇವಿಸ್ ಬುಟ್ಟಿ ಕಾಯುವಂತೆ ಮಾಡಿತು. ಅದರಿಂದ ಪಾಸಿನ ದಾರಿ ಕಿರಿದಾಯಿತು. ಆದರೂ ನಗೆಟ್ಸ್ ಆ ಸರಣಿಯನ್ನು 4-0ಯಿಂದ ಗೆದ್ದು, ಫೈನಲ್‌ನಲ್ಲಿ ಮಯಾಮಿಯನ್ನು 4-1ರಿಂದ ಸೋಲಿಸಿ ಮೊದಲ ಸಲ ಚಾಂಪಿಯನ್ ಆಯಿತು. ಆ ಪ್ಲೇಆಫ್‌ನಲ್ಲಿ ಒಟ್ಟು ಅಂಕ, ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಅಂಕಕ್ಕೆ ದಾರಿಮಾಡುವ ಪಾಸ್) ಮೂರರಲ್ಲೂ ಯೋಕಿಚ್ ಮೊದಲಿಗರು: 600, 269, 190. ಈ ಸಾಧನೆ ಅದಕ್ಕೂ ಮುಂಚೆ ಯಾರಿಂದಲೂ ಆಗಿರಲಿಲ್ಲ.

ಸರ್ಬಿಯಾದ ಜನಕ್ಕೆ ದೇಶದ ಜರ್ಸಿಯಲ್ಲಿ ಅವರನ್ನು ನೋಡುವುದೇ ದೊಡ್ಡ ಸಂಭ್ರಮ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಬಂದಿತ್ತು. 2024ರ ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಅಮೆರಿಕದ ಮೇಲೆ 17 ಅಂಕ ಮುಂದಿದ್ದ ತಂಡ ಕೊನೆಗೆ 95-91ರಲ್ಲಿ ಸೋತಿತು. ಆ ಸಂಕಟ ಆರುವ ಮುನ್ನವೇ ಜರ್ಮನಿಯ ವಿರುದ್ಧ 19 ಅಂಕ, 12 ರೀಬೌಂಡ್, 11 ಅಸಿಸ್ಟ್ ಮಾಡಿ ಅವರು ಕಂಚು ತಂದರು.

ಈ ಪ್ರಸಿದ್ಧಿಯ ಗದ್ದಲ ಅವರಿಗೆ ಒಗ್ಗದು. ಸಾಮಾಜಿಕ ಜಾಲತಾಣಗಳಿಂದ ದೂರ. ಆಟದ ಋತು ಮುಗಿದರೆ ಸೊಂಬೋರ್, ಅಲ್ಲಿ ಅವರ ಪಂದ್ಯದ ಕುದುರೆಗಳು. ಎರಡು ಚಕ್ರದ ಹಗುರ ಗಾಡಿ ಎಳೆಯುವ ಆ ಪಂದ್ಯದಲ್ಲಿ ಕುದುರೆ ಕುಕ್ಕುಲೋಟದಲ್ಲೇ ಸಾಗಬೇಕು. ನಾಗಾಲೋಟಕ್ಕೆ ಬಿದ್ದರೆ ಲಗಾಮೆಳೆದು ಮತ್ತೆ ಹದಕ್ಕೆ ತರಬೇಕು. 2023ರಲ್ಲಿ ಚಾಂಪಿಯನ್ ಆದ ರಾತ್ರಿ, ವಿಜಯ ಮೆರವಣಿಗೆ ಗುರುವಾರ ಎಂದು ಪತ್ರಕರ್ತರಿಂದ ತಿಳಿದಾಗ ಯೋಕಿಚ್ ಮುಖ ಬಾಡಿತು. ಭಾನುವಾರ ಊರಿನಲ್ಲಿ ಅವರ ಕುದುರೆಯ ಓಟವಿತ್ತು.