ಟ್ರಾಮಿನಲ್ಲಿ ಕುಳಿತು ಶ್ರೀನಿವಾಸಪುರಕ್ಕೆ

ಕೇಳುಗರಿಗೆ ನಮಸ್ಕಾರ.

ಕೋಲಾರದಲ್ಲಿ ಕುಳಿತು ಟ್ರಾಮಿನ ಮಾತೇಕೆ ಎಂದು ನೀವು ಕೇಳಬಹುದು. ರಸ್ತೆಯಲ್ಲೇ ಹಾಸಿದ ಹಳಿಯ ಮೇಲೆ ಓಡುವ, ಬೆಂಗಳೂರೇ ಕಾಣದ ಗಾಡಿ ಅದು. ಮದರಾಸಿನಲ್ಲಿ 1953ಕ್ಕೆ ನಿಂತಿತು, ಮುಂಬಯಿಯಲ್ಲಿ 1964ಕ್ಕೆ. ಕೋಲ್ಕತ್ತದಲ್ಲಿ 1873ರಲ್ಲಿ ಕುದುರೆಗಳು ಎಳೆದದ್ದು, 1902ರಿಂದ ವಿದ್ಯುತ್ತಿನಿಂದ ಓಡಿದ್ದು, ಬಹುಕಾಲ ಉಳಿಯಿತು. ಮಗಳಿಗೆ ಅಲ್ಲಿ ಕೆಲಸವಿದ್ದಾಗ ನಾನೂ ಹೋಗಿದ್ದೆ. 'ಮೆಟ್ರೋ ಇದೆಯಲ್ಲಪ್ಪ' ಎಂದು ಅವಳು ಗೊಣಗಿದರೂ ಕೇಳದೆ, ಶ್ಯಾಮ್‌ಬಜಾರಿನಲ್ಲಿ ಟ್ರಾಮು ಹತ್ತಿದೆ.

ಮರದ ಆಸನ, ಸರಳು ಕಿಟಕಿ. ಚಾಲಕ ಕಾಲಿನಿಂದ ಒತ್ತಿದರೆ ಠಣ್ ಠಣ್ ಎನ್ನುವ ಗಂಟೆ. ಒಂದು ಕಡೆ ಹಳಿಯ ಮೇಲೆಯೇ ಕೈಗಾಡಿ ನಿಲ್ಲಿಸಿಕೊಂಡು ಒಬ್ಬಾತ ಮೂಟೆ ಇಳಿಸುತ್ತಿದ್ದ. ಬಸ್ಸಾಗಿದ್ದರೆ ಪಕ್ಕಕ್ಕೆ ತಿರುಗುತ್ತಿತ್ತು. ಟ್ರಾಮಿಗೆ ಆ ಭಾಗ್ಯವಿಲ್ಲ. ಕೊನೆಯ ಮೂಟೆ ಇಳಿಯುವವರೆಗೆ ನಾವೆಲ್ಲ ಕಾದೆವು. ಕಾಲೇಜ್ ಸ್ಟ್ರೀಟಿನಲ್ಲಂತೂ ಪುಸ್ತಕದಂಗಡಿಗಳು ಕೈಗೆಟುಕುವಂತಿದ್ದವು. ಹೆಸರುಗಳನ್ನು ನಿಧಾನವಾಗಿ ಓದಬಹುದಿತ್ತು, ನನಗೆ ಬಂಗಾಳಿ ಬಂದಿದ್ದರೆ.

ಆ ಮರದ ಆಸನದ ಕುಲುಕಾಟಕ್ಕೆ ನಮ್ಮ ಸಣ್ಣ ರೈಲು ನೆನಪಾಯಿತು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ. ಹಳಿಗಳ ನಡುವೆ ಬರೀ ಎರಡೂವರೆ ಅಡಿ. ಮಾವಿನ ಕಾಲದಲ್ಲಿ ತಾತ ನನ್ನನ್ನು ಶ್ರೀನಿವಾಸಪುರಕ್ಕೆ ಕರೆದೊಯ್ಯುತ್ತಿದ್ದರು. ಏರು ಬಂದರೆ ಎಂಜಿನ್ನಿಗೆ ಏದುಸಿರು. ಹುಡುಗರು ಇಳಿದು ಜೊತೆಗೆ ನಡೆಯುತ್ತಿದ್ದರು. ಒಮ್ಮೆ ಹೊಗೆಯೊಂದಿಗೆ ಬಂದ ಕಿಡಿ ನನ್ನ ಹೊಸ ಅಂಗಿಗೆ ತೂತು ಮಾಡಿತು. ಮನೆಯಲ್ಲಿ ಬೈಗುಳ ತಿಂದವರು ತಾತ.

ಆ ರೈಲು ಬಲು ಸೊಗಸಾಗಿತ್ತು ಎಂದರೆ ಸುಳ್ಳಾದೀತು. ಅದನ್ನು ನಂಬಿ ಕೋರ್ಟಿನ ವಾಯಿದೆ ತಪ್ಪಿಸಿಕೊಂಡ ತಾತ, ಶಪಿಸುತ್ತಲೇ ಹತ್ತುತ್ತಿದ್ದರು. ದೊಡ್ಡ ಹಳಿ ಬೇಕೇ ಇತ್ತು. ಕೋಲಾರ–ಚಿಕ್ಕಬಳ್ಳಾಪುರದ ನಡುವೆ 2013ರಲ್ಲಿ ಬಂತು. ಈಗ ಕಿಟಕಿಯಾಚೆಯ ಮಾವಿನ ಮರ ಬಾದಾಮಿಯೋ ರಸಪುರಿಯೋ ಎಂದು ನೋಡುವಷ್ಟರಲ್ಲಿ ತೋಪೇ ಮುಗಿದಿರುತ್ತದೆ. ಕೋಲ್ಕತ್ತದಲ್ಲೂ, ಮೈದಾನದ ಒಂದು ಮಾರ್ಗ ಬಿಟ್ಟು ಉಳಿದ ಟ್ರಾಮುಗಳನ್ನು ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರ 2024ರಲ್ಲಿ ಹೇಳಿತು.

ಎಸ್‌ಪ್ಲನೇಡಿನಲ್ಲಿ ಇಳಿದಾಗ, ಮೆಟ್ರೋದಲ್ಲಿ ಮೊದಲೇ ಬಂದಿದ್ದ ಮಗಳು ಮಣ್ಣಿನ ಕುಡಿಕೆಯಲ್ಲಿ ಎರಡನೆಯ ಚಹಾ ಕುಡಿಯುತ್ತಿದ್ದಳು. 'ಎಲ್ಲಿಗೆ ಹೋಗಿದ್ದೆಯಪ್ಪ ಇಷ್ಟು ಹೊತ್ತು?' ಎಂದಳು.

'ಶ್ರೀನಿವಾಸಪುರಕ್ಕೆ' ಎಂದೆ.