ಹಸಿ ಕಾಫಿ ಬೀಜ ಕೊಳ್ಳುವ ಮೊದಲು

ನಮಸ್ಕಾರ. ಊರಲ್ಲೊಂದು ಸಣ್ಣ ರೋಸ್ಟರಿ, ಅಂದರೆ ಕಾಫಿ ಬೀಜ ಹುರಿದು ಮಾರುವ ಅಂಗಡಿ, ಇಡಬೇಕು ಎಂದು ಹೊರಟವರು ಈಗ ಜಾಸ್ತಿ. ಹುರಿಯುವ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯುತ್ತಾರೆ. ಬೀಜ ಕೊಳ್ಳುವಾಗ ಮಾತ್ರ ‘ಚಿಕ್ಕಮಗಳೂರಿನ ಡಬಲ್ ಎ ಕೊಡಿ’ ಎಂದುಬಿಟ್ಟರೆ ಮುಗಿಯಿತು. ಇವತ್ತಿನ ಮಾತು ಅವರಿಗಾಗಿ.

ಪ್ಲಾಂಟೇಷನ್ ಡಬಲ್ ಎ, ಎ, ಬಿ ಇವೆಲ್ಲ ಜರಡಿಯ ಲೆಕ್ಕ. ಕಾಳಿನ ಗಾತ್ರ ಹೇಳುತ್ತವೆ, ರುಚಿ ಹೇಳುವುದಿಲ್ಲ. ಪ್ಲಾಂಟೇಷನ್ ಅಂದರೆ ಹಣ್ಣನ್ನು ಪಲ್ಪ್ ಮಾಡಿ (ಸಿಪ್ಪೆ ಸುಲಿದು), ತೊಳೆದು ಒಣಗಿಸಿದ ಅರೇಬಿಕಾ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಅರೇಬಿಕಾ ಚೆರಿ. ಒಂದೇ ತೋಟದ ಹಣ್ಣು ಈ ಎರಡು ದಾರಿ ಹಿಡಿದರೆ ಲೋಟದಲ್ಲಿ ಎರಡು ಬೇರೆ ಕಾಫಿ.

ಇನ್ನು ಊರಿನ ಹೆಸರು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಆಂಧ್ರದ ಅರಕು ಕಣಿವೆ, ಈ ನಾಲ್ಕೂ ಕಡೆಯ ಅರೇಬಿಕಾಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು ಸಿಕ್ಕಿತು. ಒಳ್ಳೆಯದೇ. ಆದರೆ ಬೆಟ್ಟದ ನೆತ್ತಿಯ ತೋಟವೂ ಚಿಕ್ಕಮಗಳೂರು, ತಪ್ಪಲಿನ ತೋಟವೂ ಚಿಕ್ಕಮಗಳೂರು, ಅಲ್ವಾ? ಮೇಲಿನ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಕಾಳು ಗಟ್ಟಿಯಾಗುತ್ತದೆ, ನವಿರಾದ ಹುಳಿ ಬರುತ್ತದೆ. ಹಾಗಾಗಿ ಜಿಲ್ಲೆ ಕೇಳಿ ಸುಮ್ಮನಾಗಬೇಡಿ. ತೋಟ ಎಷ್ಟು ಎತ್ತರದಲ್ಲಿದೆ? ತಳಿ ಯಾವುದು, ಎಸ್ 795 ಇದೆಯೋ, ಸೆಲೆಕ್ಷನ್ 9 ಇದೆಯೋ, ಚಂದ್ರಗಿರಿಯೋ? ಕೊಯ್ಲು ಯಾವ ವರ್ಷದ್ದು?

ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಅಕ್ಕಿ ಹಳೆಯದಾದರೆ ಅನ್ನ ಉದುರುದುರಾಗುತ್ತದೆ. ಕಾಫಿ ಬೀಜ ಹಳೆಯದಾದರೆ ಸಪ್ಪೆ, ಗೋಣಿಚೀಲದ ವಾಸನೆ. ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಹೆಚ್ಚುಕಡಿಮೆ ಜನವರಿವರೆಗೆ. ಕ್ಯೂರಿಂಗ್ (ಒಣಗಿದ ಕಾಳಿನ ಹೊಟ್ಟು ಬಿಡಿಸಿ ವಿಂಗಡಿಸುವ ಕೆಲಸ) ಆಗಿ ಹೊಸ ಮಾಲು ಬರುವ ಹೊತ್ತಿಗೆ ಸ್ಯಾಂಪಲ್ ತರಿಸಿಕೊಳ್ಳಿ. ಬೇಕೆಂದೇ ಮಳೆಗಾಲದ ಗಾಳಿಗೆ ಒಡ್ಡಿ ಕಾಳನ್ನು ಉಬ್ಬಿಸಿ ಬಿಳಿಚಿಸುವ ಮಾನ್ಸೂನ್ಡ್ ಮಲಬಾರ್‌ನ ಕತೆಯೇ ಬೇರೆ. ಅದರಲ್ಲಿ ಹುಳಿ ಹುಡುಕಬೇಡಿ.

‘ಸ್ಪೆಷಾಲಿಟಿ’ ಎಂದು ಚೀಲದ ಮೇಲೆ ಬರೆಯಲು ಖರ್ಚೇನಿಲ್ಲ. ವ್ಯಾಪಾರದಲ್ಲಿ ರೂಢಿಯಾಗಿರುವ ಅಳತೆ ಎಂದರೆ ಕಪ್ಪಿಂಗ್‌ನಲ್ಲಿ, ಅಂದರೆ ರುಚಿ ನೋಡಿ ಅಂಕ ಕೊಡುವ ಪರೀಕ್ಷೆಯಲ್ಲಿ, 100ಕ್ಕೆ ಕನಿಷ್ಠ 80 ಅಂಕ. 350 ಗ್ರಾಂ ಹಸಿ ಬೀಜದಲ್ಲಿ ಪೂರ್ತಿ ಕಪ್ಪಾದ ಕಾಳಾಗಲಿ, ಪೂರ್ತಿ ಹುಳಿದು ಕೆಟ್ಟ ಕಾಳಾಗಲಿ ಒಂದೂ ಇರಬಾರದು. ತಟ್ಟೆಯಲ್ಲಿ ಹರಡಿ ನೀವೇ ಆರಿಸಿ ನೋಡಿ. (ಅರ್ಧಕ್ಕರ್ಧ ಚಿಕೋರಿ ಬೆರೆಸಿ ಮಾರುವವರಿಗೆ ಈ ತಲೆನೋವು ಬೇಡ, ಬಿಡಿ.)

ದರದ ಲೆಕ್ಕಕ್ಕೂ ಒಂದು ಮಾತು. ಹುರಿದಾಗ ತೂಕ ಇಳಿಯುತ್ತದೆ. 50 ಕೆಜಿ ಚೀಲದಿಂದ ಹುರಿದ ಬೀಜ ಸಿಗುವುದು ಸುಮಾರು 40ರಿಂದ 43 ಕೆಜಿ. ತೇವ ಜಾಸ್ತಿ ಇದ್ದರೆ ಇನ್ನೂ ಕಡಿಮೆ, ಜೊತೆಗೆ ಬೂಷ್ಟು ಹಿಡಿಯುವ ಭಯ. ಮಾಯಿಶ್ಚರ್ ಮೀಟರ್ ಶೇಕಡಾ 10ರಿಂದ 12ರೊಳಗೆ ತೋರಿಸಬೇಕು. ಅದಕ್ಕಿಂತ ಮೇಲೆ ಹೋದರೆ ನೀವು ನೀರಿಗೂ ಕಾಫಿಯ ದರ ಕೊಡುತ್ತಿದ್ದೀರಿ.

ಒಪ್ಪಿದ ಸ್ಯಾಂಪಲ್ಲನ್ನು ಪೂರ್ತಿ ಹುರಿದು ಕುಡಿದುಬಿಡಬೇಡಿ. ಅರ್ಧವನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಕೊಂಡ ಮಾಲಿನ ಲಾಟ್ ಬಂದ ದಿನ ಒಂದೇ ಚೀಲಕ್ಕಲ್ಲ, ನಾಲ್ಕಾರು ಚೀಲಕ್ಕೆ ಕೈಹಾಕಿ ಬೀಜ ತೆಗೆಯಿರಿ. ಎತ್ತಿಟ್ಟ ಸ್ಯಾಂಪಲ್ಲನ್ನೂ ಇದನ್ನೂ ಬೇರೆಬೇರೆಯಾಗಿ, ಒಂದೇ ರೀತಿ ಹುರಿದು, ಅಕ್ಕಪಕ್ಕ ಇಟ್ಟು ಕುಡಿದು ನೋಡಿ. ಬಾಕಿ ಹಣ ಕಳಿಸುವುದು ಆಮೇಲೆ.